ಕೆರೆಗೆ ಬರುವ ಮಳೆನೀರು ಎಲ್ಲಿಂದ ಹೊರಡುತ್ತದೆ?

ಕೆರೆ ಎಷ್ಟು ದೊಡ್ಡದು ಎಂಬುದನ್ನು ನೋಡಿ ಅದರ ಸುತ್ತಲ ಮೀಸಲು ಜಾಗ ನಿಗದಿಪಡಿಸುವ ತಿದ್ದುಪಡಿ ಮಸೂದೆಗೆ 2025ರ ಆಗಸ್ಟ್‌ನಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಕೆರೆ ಚಿಕ್ಕದಾದಷ್ಟೂ ಬಿಡಬೇಕಾದ ಜಾಗ ಕಡಿಮೆ. ಅದನ್ನು ಓದಿದವರೊಬ್ಬರು ಕೇಳಿದ್ದಾರೆ: ಕೆರೆಯಿಂದ ಎಷ್ಟು ಮೀಟರ್ ಬಿಟ್ಟು ಮನೆ ಕಟ್ಟಿದರೆ ಕೆರೆಗೆ ತೊಂದರೆಯಿಲ್ಲ?

ಈ ಮೀಟರುಗಳ ವ್ಯಾಜ್ಯ ಹಳೆಯದು. ಬೆಂಗಳೂರಿನ 2015ರ ಮಾಸ್ಟರ್ ಪ್ಲಾನ್ ಪ್ರಕಾರ ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ದರ್ಜೆಗೆ ತಕ್ಕಂತೆ 50, 25, 15 ಮೀಟರ್ ಬಿಡಬೇಕಿತ್ತು. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಅಂತರವನ್ನು 75 ಮೀಟರಿಗೆ ಏರಿಸಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿದ ಮೇಲೆ ಮತ್ತೆ 30.

ದಡದಲ್ಲಿ ಬಿಟ್ಟ ಜಾಗ ಮಾಡುವ ಕೆಲಸ ಸಣ್ಣದಲ್ಲ. ಹುಲ್ಲು, ಪೊದೆಗಳ ನಡುವೆ ನೀರು ತೆಳ್ಳಗೆ ಹರಡಿ ಬಂದಾಗ ಅದರ ವೇಗ ಕುಗ್ಗುತ್ತದೆ. ಮಣ್ಣಿನ ಕಣ ಅಲ್ಲೇ ತಳಕ್ಕೆ ಕೂರುತ್ತದೆ, ಅದಕ್ಕೆ ಅಂಟಿಕೊಂಡ ರಂಜಕವೂ ನಿಲ್ಲುತ್ತದೆ. ಆದರೆ ನೀರು ಆ ಹುಲ್ಲಿನ ಮೇಲೆ ಹಾದು ಬಂದರೆ ಮಾತ್ರ. ಬೆಂಗಳೂರಿನ ಕೆರೆಗಳಿಗೆ ಮಳೆನೀರು ಬಹುಪಾಲು ಕಾಂಕ್ರೀಟ್ ಗೋಡೆಯ ರಾಜಕಾಲುವೆಯೊಳಗೆ ಬರುತ್ತದೆ. ರಸ್ತೆಯ ಎಣ್ಣೆ, ಟೈರಿನ ಪುಡಿ, ಕಟ್ಟಡದ ಮರಳು ಎಲ್ಲ ಹೊತ್ತು, ಹಸಿರು ಪಟ್ಟಿಯನ್ನು ಮುಟ್ಟದೆ ನೇರವಾಗಿ ಕೆರೆಯಂಗಳಕ್ಕೆ ಇಳಿಯುತ್ತದೆ. ಹಾಗಾಗಿ ದಡದ ಅಳತೆಯ ಬಗ್ಗೆ ಎಷ್ಟು ವಾದ ಮಾಡಿದರೂ ಪ್ರಶ್ನೆಯ ಅರ್ಧಕ್ಕಷ್ಟೇ ಉತ್ತರ ಸಿಗುತ್ತದೆ. ಉಳಿದರ್ಧ ಕಿಲೋಮೀಟರುಗಟ್ಟಲೆ ದೂರದ ಸೈಟುಗಳಲ್ಲಿದೆ.

ಇದನ್ನು ಲೆಕ್ಕಕ್ಕೆ ತಂದ ಇಬ್ಬರು ಎಂಜಿನಿಯರುಗಳನ್ನು ನೆನೆಯಬೇಕು. 1850ರ ಸುಮಾರಿಗೆ ಐರ್ಲೆಂಡಿನ ಥಾಮಸ್ ಮುಲ್ವನಿ, ಜಲಾನಯನದ ಅತಿ ದೂರದ ಮೂಲೆಯ ನೀರು ಹೊರದಾರಿಗೆ ತಲುಪಲು ಬೇಕಾಗುವ ಸಮಯವೇ ನೆರೆಯ ಕೀಲಿಕೈ ಎಂದು ಕಂಡುಕೊಂಡರು. 1889ರಲ್ಲಿ ಅಮೆರಿಕದ ರಾಚೆಸ್ಟರ್ ನಗರದ ಚರಂಡಿಗಳನ್ನು ಅಳೆದ ಎಮಿಲ್ ಕ್ವಿಕ್ಲಿಂಗ್, ನೀರು ಇಂಗದ ನೆಲ ಹೆಚ್ಚಿದಂತೆ ಚರಂಡಿಗೆ ಬೀಳುವ ಮಳೆಯ ಪಾಲೂ ಹೆಚ್ಚುತ್ತದೆಂದು ತೋರಿಸಿದರು. ಮಳೆಯ ರಭಸ, ನೆಲದ ವಿಸ್ತೀರ್ಣ, ಅದರಲ್ಲಿ ಹರಿದುಹೋಗುವ ಪಾಲು ಈ ಮೂರನ್ನು ಗುಣಿಸಿ ಚರಂಡಿಯ ಗಾತ್ರ ನಿರ್ಧರಿಸುವ ಪದ್ಧತಿ ಇಂದಿಗೂ ಬಳಕೆಯಲ್ಲಿದೆ.

ಮುಲ್ವನಿಯವರ ಮಾತು ಮದುವೆ ಮನೆಯ ಊಟ ಬಲ್ಲವರಿಗೆಲ್ಲ ಗೊತ್ತಿರುವಂಥದ್ದು. ಐನೂರು ಜನ ಹನ್ನೆರಡರಿಂದ ಮೂರರವರೆಗೆ ಒಬ್ಬೊಬ್ಬರಾಗಿ ಬಂದರೆ ನೂರೈವತ್ತು ಎಲೆಯ ಪಂಕ್ತಿ ಧಾರಾಳ. ಅದೇ ಐನೂರು ಜನ ಒಟ್ಟಿಗೆ ಬಸ್ಸಿಳಿದರೆ ಬಾಗಿಲಲ್ಲೇ ನೂಕುನುಗ್ಗಲು. ಊಟವೂ ಅಷ್ಟೇ, ಜನವೂ ಅಷ್ಟೇ, ಬಂದ ಹೊತ್ತು ಮಾತ್ರ ಬೇರೆ. ಹೊಲ, ಗದ್ದೆ, ತೋಟದ ಮೇಲೆ ಬಿದ್ದ ಮಳೆ ನಿಧಾನವಾಗಿ ಕೆರೆಗೆ ಬರುತ್ತಿತ್ತು. ತಾರಸಿ, ಟೈಲ್ಸ್, ಡಾಂಬರಿನ ಮೇಲೆ ಬಿದ್ದದ್ದು ನಿಮಿಷಗಳಲ್ಲಿ ಒಟ್ಟಾಗಿ ಬಂದಿಳಿಯುತ್ತದೆ. ಸಾಲದ್ದಕ್ಕೆ, ಇಂಗಿಹೋಗುತ್ತಿದ್ದ ಪಾಲೂ ಈಗ ಅದರ ಜೊತೆಗಿದೆ.

2022ರ ಸೆಪ್ಟೆಂಬರ್ 5ರ ಬೆಳಿಗ್ಗೆಗೆ ಮುಗಿದ 24 ಗಂಟೆಗಳಲ್ಲಿ ಬೆಂಗಳೂರಿನಲ್ಲಿ 131.6 ಮಿ.ಮೀ. ಮಳೆ ದಾಖಲಾಯಿತು. ಬೆಳ್ಳಂದೂರಿನ ಸುತ್ತ ಬಡಾವಣೆಗಳ ಜನ ದೋಣಿ, ಟ್ರ್ಯಾಕ್ಟರ್ ಹತ್ತಿ ಹೊರಬಂದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್. 30x40 ಸೈಟು ಸುಮಾರು 111 ಚದರ ಮೀಟರ್. ಅಂದರೆ ಆ ಒಂದು ಮಳೆಗೆ ಅಂಥ ಒಂದೊಂದು ಸೈಟಿನ ಮೇಲೂ 14,600 ಲೀಟರ್ ಬಿದ್ದಿತ್ತು, ಎರಡು ಟ್ಯಾಂಕರಿಗೂ ಮಿಗಿಲು. ಮಣ್ಣು ಕಾಣದಂತೆ ಅಂಗಳಕ್ಕೆಲ್ಲ ಕಾಂಕ್ರೀಟ್ ಹಾಕಿಸಿದವರ ಸೈಟಿನಿಂದ ಅದು ಹೆಚ್ಚುಕಡಿಮೆ ಪೂರ್ತಿ ಬೀದಿಗೆ ಹರಿದಿರುತ್ತದೆ.

ಈ ಕಾರಣಕ್ಕೇ ನನ್ನ ಮಟ್ಟಿಗೆ ಬೆಂಗಳೂರಿನ ಅತಿ ಮುಖ್ಯವಾದ ಕೆರೆ ಕಾನೂನು ಮಳೆಕೊಯ್ಲಿನದು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿ ತಂದು 40x60 ಅಳತೆಯ ಹಳೆಯ ಮನೆಗಳಿಗೂ 30x40 ಅಳತೆಯ ಹೊಸ ಮನೆಗಳಿಗೂ ಅದನ್ನು ಕಡ್ಡಾಯ ಮಾಡಲಾಯಿತು. ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಕಲ್ಲುಹಾಸಿದ ಅಂಗಳಕ್ಕೆ 30 ಲೀಟರ್ ಹಿಡಿದಿಡಬೇಕು ಅಥವಾ ಇಂಗಿಸಬೇಕು ಎನ್ನುತ್ತದೆ ನಿಯಮ. ಎಲ್ಲರೂ ಅದನ್ನು ನಿಜವಾಗಿ ಪಾಲಿಸಿದರೆ 60 ಮಿ.ಮೀ. ಮಳೆಯಾದರೂ ತಾರಸಿಗಳ ನೀರು ರಾಜಕಾಲುವೆಗೆ ಬಾರದು. ದಂಡ ಕಟ್ಟಿ ಸುಮ್ಮನಾಗುವವರು, ತೋರಿಕೆಗೆ ಒಂದು ಡ್ರಮ್ ಇಟ್ಟು ಕೈತೊಳೆದುಕೊಳ್ಳುವವರು ಕೆರೆಗೆ ಮಾಡುವ ಹಾನಿ ಒತ್ತುವರಿದಾರರದ್ದಕ್ಕಿಂತ ಕಡಿಮೆಯೇನಲ್ಲ.

ಚಿಕ್ಕ ಕೆರೆಗೆ ಚಿಕ್ಕ ಮೀಸಲು ಎಂಬ ವಾದವನ್ನಂತೂ ನಾನು ಒಪ್ಪಲಾರೆ. ನಮ್ಮ ಕೆರೆಗಳು ಸರಣಿಯಲ್ಲಿವೆ. ಮೇಲಿನದರ ಕೋಡಿ ಬಿದ್ದ ನೀರು ಕೆಳಗಿನದಕ್ಕೆ, ಬೆಳ್ಳಂದೂರಿನದು ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. ಸರಣಿಯ ತಲೆಯಲ್ಲಿರುವವು ಹೆಚ್ಚಾಗಿ ಕಟ್ಟೆ, ಕುಂಟೆಗಳಂಥ ಸಣ್ಣವೇ. ನೀರನ್ನು ಮೊದಲು ತಡೆಯುವುದೂ ಹೂಳನ್ನು ಮೊದಲು ಹಿಡಿಯುವುದೂ ಅವೇ. ಅವನ್ನು ಇಕ್ಕಟ್ಟಿಗೆ ಸಿಕ್ಕಿಸಿ ಕೆಳಗಿನ ದೊಡ್ಡ ಕೆರೆಯ ಸುತ್ತ ಎಷ್ಟು ಜಾಗ ಬಿಟ್ಟರೂ ಫಲವಿಲ್ಲ.

ಪ್ರಶ್ನೆ ಕೇಳಿದ ಓದುಗರಿಗೆ ನನ್ನದೊಂದು ಬಿನ್ನಹ. ಕೆರೆಯಿಂದ ನಿಮ್ಮ ಮನೆ ಎಷ್ಟೇ ದೂರವಿರಲಿ, ತಾರಸಿಯ ಪೈಪು ಎಲ್ಲಿಗೆ ಹೋಗಿದೆ ಎಂದು ಈ ಮಳೆಗಾಲಕ್ಕೆ ಮುಂಚೆ ಒಮ್ಮೆ ನೋಡಿ. ಚರಂಡಿಗೆ ಹೋಗಿದ್ದರೆ ಅದನ್ನು ಇಂಗುಬಾವಿಗೆ ತಿರುಗಿಸಿ. ತಲೆಮಾರುಗಳಿಂದ ಬಾವಿ ತೋಡುತ್ತ ಬಂದಿರುವ ಮಣ್ಣು ವಡ್ಡರು ಬೆಂಗಳೂರಿನ ಸುತ್ತ ಈಗಲೂ ಇದ್ದಾರೆ. 3 ಅಡಿ ಅಗಲ, 20 ಅಡಿ ಆಳದ ಒಂದು ಬಾವಿ ಒಂದು ಸಲಕ್ಕೆ 4,000 ಲೀಟರ್ ಹಿಡಿಯುತ್ತದೆ.