ಎಂಟು ಸಾವಿರದ ಇಂಟರ್ನ್‌ಶಿಪ್

"ಅಣ್ಣಾ, ಎಂಟು ಸಾವಿರ ಕಟ್ಟಿದ್ರೆ ಇಂಟರ್ನ್‌ಶಿಪ್ ಸರ್ಟಿಫಿಕೇಟ್ ಕೊಡ್ತಾರಂತೆ. ಆಫೀಸಿಗೂ ಹೋಗೋದು ಬೇಡ್ವಂತೆ. ಕಟ್ಲಾ?"

ಅರಕಲಗೂಡಿನಿಂದ ಚಿಕ್ಕಪ್ಪನ ಮಗಳ ಫೋನು. ಹಾಸನದ ಒಂದು ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್, ಕೊನೇ ವರ್ಷ. ಕೆಲಸ ಕಲಿಯೋಕೆ ಹೋಗದೇ ಇರೋದಕ್ಕೂ ದುಡ್ಡಾ ಅಂತ ನಗು ಬಂತು. ಚಿಕ್ಕಪ್ಪನ ಆಲೂಗಡ್ಡೆ ಹೊಲ ನೆನಪಾಗಿ ನಿಂತೂ ಹೋಯ್ತು.

ವಿಟಿಯು 2022ರ ಸ್ಕೀಮ್‌ನಲ್ಲಿ ಕೊನೆಯ ವರ್ಷ ತಿಂಗಳುಗಟ್ಟಲೆ ಇಂಟರ್ನ್‌ಶಿಪ್ ಇಟ್ಟಿದೆ. ಉದ್ದೇಶ ಒಳ್ಳೆಯದೇ. ಆದರೆ ಕಂಪನಿಗಳು ಹೆಚ್ಚಾಗಿ ಇರೋದು ಬೆಂಗಳೂರಲ್ಲಿ. ಹಾಸನದಲ್ಲಿ ಮಲ್ನಾಡ್ ಎಂಜಿನಿಯರಿಂಗ್ ಕಾಲೇಜು 1960ರಿಂದ ಇದೆ, ಇಸ್ರೋ ತನ್ನ ಹಲವು ಉಪಗ್ರಹಗಳನ್ನು ಇಲ್ಲಿಂದ ನಿಯಂತ್ರಿಸುತ್ತೆ. ನಮ್ಮ ಹುಡುಗರು ಕೋಡ್ ಬರೆಯೋಕೆ ಮಾತ್ರ ಬೆಂಗಳೂರು ಬಸ್ಸೇ ಹತ್ತಬೇಕು. ಸ್ಟೈಪೆಂಡ್ ಇಲ್ಲದೆ ಪಿಜಿ ಬಾಡಿಗೆ ಯಾರು ಕಟ್ತಾರೆ? ಸರ್ಟಿಫಿಕೇಟ್ ಮಾರೋರಿಗೆ ಇಷ್ಟು ಸಂದಿ ಸಾಕು.

ನಾನು 2013ರಲ್ಲಿ ಬೇರೆ ಜಿಲ್ಲೆಯ ಕಾಲೇಜು ಸೇರಿದಾಗ ಲ್ಯಾಬಲ್ಲಿದ್ದದ್ದು ನಾನು ಹುಟ್ಟೋಕೂ ಮೊದಲಿನ, ನೀಲಿ ಪರದೆಯ ಟರ್ಬೋ ಸಿ. ಪ್ರತಿ ಪ್ರೋಗ್ರಾಮಿನ ತಲೆಯಲ್ಲೂ ಕೊನಿಯೊ.ಎಚ್, ಶ್ರೀ ಬರೆದ ಹಾಗೆ. ಕೆಲಸಕ್ಕೆ ಸೇರಿದ ವಾರ ಲಿನಕ್ಸ್‌ನಲ್ಲೂ ಅದನ್ನೇ ಬರೆದೆ. ಅಂಥ ಫೈಲೇ ಇಲ್ಲ ಅಂತು. ಪಕ್ಕದವನು ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. ಆದರೂ ಆ ಕೊರತೆ ಎರಡು ತಿಂಗಳ ಟ್ರೈನಿಂಗಲ್ಲಿ ತುಂಬಿತು.

ಉಳಿದದ್ದು ಬೇರೆ. ಹೊಳೆನರಸೀಪುರದ ಕಡೆಯ ಮೇಡಂ ಒಬ್ರು ಆಪರೇಟಿಂಗ್ ಸಿಸ್ಟಮ್ ಹೇಳಿಕೊಡ್ತಿದ್ರು. ಡೆಡ್‌ಲಾಕ್ ಅಂದ್ರೆ ಕಿರಿದಾದ ಸೇತುವೆ ಮೇಲೆ ಎದುರುಬದುರು ನಿಂತ ಎರಡು ಬಸ್ಸು, ಯಾರೂ ರಿವರ್ಸ್ ಹಾಕಲ್ಲ. ವರ್ಷಗಳಾದ ಮೇಲೆ ಒಂದು ರಾತ್ರಿ ನಮ್ಮ ಪೇಮೆಂಟ್‌ಗಳು ಸಿಕ್ಕಿಹಾಕಿಕೊಂಡವು. ಒಂದು ಪ್ರೋಗ್ರಾಮ್ ಗ್ರಾಹಕರ ಖಾತೆ ಹಿಡಿದು ಅಂಗಡಿಯ ಖಾತೆಗೆ ಕಾಯ್ತಿತ್ತು, ಇನ್ನೊಂದು ಉಲ್ಟಾ. ಸೇತುವೆ ನೆನಪಾಯ್ತು. ಎರಡೂ ಒಂದೇ ಕ್ರಮದಲ್ಲಿ ಖಾತೆ ಹಿಡಿಯೋ ಹಾಗೆ ಬದಲಾಯಿಸಿದೆವು, ಸರಿಹೋಯ್ತು. ಈಗ ಬ್ರಾಂಚಿನ ಹೆಸರಿಗೇ ಎಐ ಸೇರಿಸಿ ಸೀಟು ತುಂಬಿಸ್ತಾರೆ. ಇಂಥ ಮೇಡಂ ಎಷ್ಟು ಜನ ಇದ್ದಾರೆ ಅಂತ ಅಡ್ಮಿಷನ್ ದಿನ ಯಾರೂ ಕೇಳಲ್ಲ.

ತಂಗಿಗೆ ದುಡ್ಡು ಕಟ್ಟಬೇಡ ಅಂದೆ. ಚನ್ನರಾಯಪಟ್ಟಣದಲ್ಲಿ ಗೆಳೆಯನೊಬ್ಬ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡ್ತಾನೆ, ಇರೋದು ಮೂರೇ ಜನ. ಹಾಸನದ ಹಾಸ್ಟೆಲಿಂದ ಹೋಗಿಬರೋ ಬಸ್ ಚಾರ್ಜ್ ಕೊಡ್ತೀನಿ ಅಂದ. ಮೊದಲ ವಾರವೇ ರಾತ್ರಿ ಹತ್ತಕ್ಕೆ ಫೋನು: "ಅಣ್ಣಾ, ವಾಪಸ್ ಬಂದ ಸಾಮಾನಿಗೆ ಜಿಎಸ್‌ಟಿ ಎರಡು ಸಲ ಕಳೀತಿತ್ತು. ನಾನೇ ಹುಡುಕಿದೆ!"

ಕಾಲೇಜಿನವರು ಮಾತ್ರ ಇಷ್ಟು ಚಿಕ್ಕ ಕಂಪನಿ ನಡೆಯುತ್ತೋ ಇಲ್ಲವೋ ಅಂತಿದ್ದಾರೆ. ಸೋಮವಾರ ಗೆಳೆಯನ ಪತ್ರ ಹಿಡಿದು ಹೋಗ್ತಾಳೆ. ಚಿಕ್ಕಪ್ಪ ಎಂಟು ಸಾವಿರ ಎತ್ತಿಟ್ಟಿದ್ದಾರಂತೆ, ಯಾವುದಕ್ಕೂ ಇರಲಿ ಅಂತ.