ಜಲನಗರದ ಕರಿಕಲ್ಲು ಆಕಾಶದಿಂದ ಬಿದ್ದದ್ದೇ?

ಹೇಳಿಕೆ: ಮೈತುಂಬ ತೂತಿರುವ, ಅಯಸ್ಕಾಂತಕ್ಕೆ ಸೆಳೆಯುವ ಕರಿಕಲ್ಲು ಉಲ್ಕಾಶಿಲೆ. ಅದರೊಳಗೆ ಹೊಳೆಯುವ ಹರಳಿದ್ದರೆ ಅದು ವಜ್ರ. ಬೆಲೆ ಕೋಟಿಗಟ್ಟಲೆ.

ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಬಂದರೆ, ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ. ವಿಜಯಪುರದ ಜಲನಗರದಲ್ಲಿ ಮನೆಗೆ ಪಾಯ ತೋಡಿದರೂ, ತಿಕೋಟಾ, ಬಬಲೇಶ್ವರದ ಕಡೆ ಬಾವಿ ತೆಗೆದರೂ ಸಿಗುವುದು ಕರಿಕಲ್ಲೇ. ಅದೆಲ್ಲ ಆಕಾಶದಿಂದ ಬಿದ್ದಿದ್ದರೆ ಗೋಳಗುಮ್ಮಟವೇ ಉಲ್ಕೆಯದಾಗಬೇಕಿತ್ತು! ಅದರ ಗೋಡೆಗಳಿಗೂ ಬಳಸಿದ್ದು ಇದೇ ಕಲ್ಲು.

ಹಾಗಾದರೆ ಇದು ಯಾವ ಕಲ್ಲು?

ಇದರ ಹೆಸರು ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ನೆಲ ಬಿರಿದು ಲಾವಾ ಹೊರಚೆಲ್ಲಿತು. ಒಮ್ಮೆ ಹರಿದದ್ದು ಆರಿದ ಮೇಲೆ ಅದರ ಮೇಲೆ ಮತ್ತೊಂದು ಪದರ, ಅದರ ಮೇಲೆ ಇನ್ನೊಂದು. ಹೀಗೆ ಆದದ್ದೇ ‘ಡೆಕ್ಕನ್ ಟ್ರ್ಯಾಪ್’. ಇಂದಿಗೂ ಇದು ಸುಮಾರು 5 ಲಕ್ಷ ಚದರ ಕಿಲೋಮೀಟರ್ ಹರಡಿಕೊಂಡಿದೆ. ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ ಬಹಳ ದಪ್ಪವಾಗಿರುವ ಈ ಹಾಸು ದಕ್ಷಿಣಕ್ಕೆ ಬರುತ್ತಾ ತೆಳುವಾಗುತ್ತದೆ. ವಿಜಯಪುರ ಅದರ ದಕ್ಷಿಣದ ಅಂಚಿನ ಕಡೆ ಇದೆ. ನಮ್ಮ ಯರಿ ಭೂಮಿಯ ಕಪ್ಪು ಮಣ್ಣು ಕೂಡ ಹೆಚ್ಚಾಗಿ ಇದೇ ಕಲ್ಲು ಸವೆದು, ಕೊಳೆತು ಆದದ್ದು.

ಸಂದೇಶ ಹೇಳುವ ಮೂರು ‘ಗುರುತು’ಗಳು

ತೂತುಗಳು: ಲಾವಾದೊಳಗಿದ್ದ ಅನಿಲ ಗುಳ್ಳೆಯಾಗಿ ಮೇಲೇರುವಾಗಲೇ ಲಾವಾ ಆರಿ ಗಟ್ಟಿಯಾದರೆ ಗುಳ್ಳೆಯ ಜಾಗ ಹಾಗೇ ಉಳಿಯುತ್ತದೆ. ಕಾವಲಿಯ ಮೇಲಿನ ದೋಸೆಗೆ ಕಣ್ಣು ಬೀಳುವುದಿಲ್ಲವೇ, ಹಾಗೆ. ನಿಜವಾದ ಉಲ್ಕಾಶಿಲೆಯಲ್ಲಿ ಇಂಥ ತೂತುಗಳು ತೀರಾ ಅಪರೂಪ. ಅಂದರೆ ತೂತಿದ್ದರೆ ಅದು ಉಲ್ಕೆ ಅಲ್ಲ ಎನ್ನುವುದಕ್ಕೇ ಹೆಚ್ಚು ಕಾರಣ.

ಅಯಸ್ಕಾಂತ: ಬಸಾಲ್ಟಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜದ ಸಣ್ಣ ಕಣಗಳಿರುತ್ತವೆ. ದಾರಕ್ಕೆ ಕಟ್ಟಿದ ಅಯಸ್ಕಾಂತವನ್ನು ಹತ್ತಿರ ಹಿಡಿದರೆ ಅದು ಸ್ವಲ್ಪ ವಾಲಬಹುದು. ಅಷ್ಟಕ್ಕೇ ಕಲ್ಲು ಆಕಾಶದ್ದಾಗುವುದಿಲ್ಲ.

ಹರಳು: ಖಾಲಿ ಉಳಿದ ಗುಳ್ಳೆಯ ಜಾಗಕ್ಕೆ ನೀರು ಇಳಿದು, ತಾನು ಹೊತ್ತು ತಂದ ಖನಿಜವನ್ನು ಅಲ್ಲಿ ಬಿಡುತ್ತದೆ. ಹಾಗೆ ಬೆಳೆದ ಕ್ವಾರ್ಟ್ಜ್, ಕ್ಯಾಲ್ಸೈಟ್, ಜಿಯೊಲೈಟ್ ಹರಳುಗಳೇ ಒಳಗೆ ಹೊಳೆಯುತ್ತವೆ. ‘ಗಾಜು ಗೀರಿದರೆ ವಜ್ರ’ ಎನ್ನುವುದೂ ತಪ್ಪು. ಕ್ವಾರ್ಟ್ಜ್ ಕೂಡ ಗಾಜನ್ನು ಗೀರುತ್ತದೆ.

ಕಲ್ಲಿನ ಮೂರು ಕುಲ

ಕಲ್ಲನ್ನು ಬಣ್ಣದ ಮೇಲೆ ವಿಂಗಡಿಸುವುದಿಲ್ಲ. ಅದು ಹೇಗೆ ಹುಟ್ಟಿತು ಎಂಬುದೇ ಮುಖ್ಯ.

1. ಅಗ್ನಿಶಿಲೆ: ಕರಗಿದ ಶಿಲಾಪಾಕ ಆರಿ ಆದದ್ದು. ನೆಲದ ಮೇಲೆ ಬೇಗ ಆರಿದರೆ ಹರಳು ಬೆಳೆಯಲು ಸಮಯ ಸಿಗುವುದಿಲ್ಲ, ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ. ಬಸಾಲ್ಟ್ ಇಂಥದು. ನೆಲದಾಳದಲ್ಲಿ ನಿಧಾನಕ್ಕೆ ಆರಿದರೆ ಕಣಗಳು ದೊಡ್ಡವಾಗಿ ಬೆಳೆಯುತ್ತವೆ. ಇಳಕಲ್ಲಿನ ಕೆಂಪು ಗ್ರಾನೈಟ್ ನೋಡಿದರೆ ಕಣಗಳು ಎದ್ದು ಕಾಣುತ್ತವೆ.

2. ಪದರು ಶಿಲೆ: ಮರಳು, ಕೆಸರು, ಸುಣ್ಣದ ಅಂಶ ನೀರಿನ ತಳದಲ್ಲಿ ಪದರಪದರವಾಗಿ ಕೂತು, ಮೇಲಿನ ಭಾರಕ್ಕೆ ಗಟ್ಟಿಯಾದದ್ದು. ಬಾದಾಮಿಯ ಗುಹೆಗಳನ್ನು ಕೊರೆದಿರುವುದು ಮರಳುಗಲ್ಲಿನಲ್ಲಿ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ ಫರಸಿ ಸುಣ್ಣದ ಕಲ್ಲು. ಅದು ಹಲಗೆಯಂತೆ ಸಲೀಸಾಗಿ ಏಳುವುದು ಈ ಪದರಗಳಿಂದಲೇ.

3. ರೂಪಾಂತರ ಶಿಲೆ: ಮೇಲಿನ ಎರಡರಲ್ಲಿ ಯಾವುದೇ ಕಲ್ಲು ಭೂಮಿಯೊಳಗಿನ ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ, ಪೂರ್ತಿ ಕರಗದೆಯೇ ರೂಪ ಬದಲಿಸಿದ್ದು. ಸುಣ್ಣದ ಕಲ್ಲು ಹೀಗೆ ಬದಲಾದರೆ ಅಮೃತಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ವಿಜಯಪುರದ ಕರಿಕಲ್ಲು ಅದರ ಮುಂದೆ ಇನ್ನೂ ಕೂಸು.

ಉಲ್ಕೆ ನಮ್ಮ ನೆಲಕ್ಕೆ ಬಿದ್ದೇ ಇಲ್ಲವೇ?

ಬಿದ್ದಿದೆ. ಮಹಾರಾಷ್ಟ್ರದ ಲೋಣಾರ್‌ನಲ್ಲಿ ಇದೇ ಬಸಾಲ್ಟ್ ಹಾಸಿನ ಮೇಲೆ ಬಿದ್ದ ಉಲ್ಕೆ ಸುಮಾರು 1.8 ಕಿಲೋಮೀಟರ್ ಅಗಲದ ಕುಳಿ ಮಾಡಿದೆ. ಆದರೆ ಅಲ್ಲಿಯೂ ಸುತ್ತ ಕಾಣುವ ಕರಿಕಲ್ಲು ಇಲ್ಲಿಯದೇ ಬಸಾಲ್ಟ್. ಉಲ್ಕಾಶಿಲೆ ಸಾಮಾನ್ಯವಾಗಿ ಅದೇ ಗಾತ್ರದ ಬೇರೆ ಕಲ್ಲಿಗಿಂತ ಭಾರ. ಹೊಸದಾಗಿ ಬಿದ್ದದ್ದಾದರೆ ಮೇಲೆ ಸುಟ್ಟ ಕಪ್ಪು ತೆಳು ಸಿಪ್ಪೆ ಇರುತ್ತದೆ. ಹೆಚ್ಚಿನವುಗಳಲ್ಲಿ, ಒಡೆದರೆ ಒಳಗೆ ಲೋಹದ ಚುಕ್ಕೆಗಳು ಕಾಣುತ್ತವೆ. ಆದರೂ ಖಚಿತವಾಗುವುದು ಪ್ರಯೋಗಾಲಯದಲ್ಲಿ ಮಾತ್ರ.

ಹಣ ಹೋಗುವುದು ಎಲ್ಲಿ?

ಕಲ್ಲನ್ನು ಯಾರೂ ಕೋಟಿಗೆ ಕೊಳ್ಳುವುದಿಲ್ಲ. ‘ಪರೀಕ್ಷೆಗೆ ಮೊದಲು ಇಷ್ಟು ಕಟ್ಟಿ, ಆಮೇಲೆ ವಿದೇಶಿ ಖರೀದಿದಾರ ಬರುತ್ತಾನೆ’ ಎಂದು ಮುಂಗಡ ಕೇಳುವುದೇ ಈ ಆಟದ ಗುಟ್ಟು. ‘ರೈಸ್ ಪುಲ್ಲರ್’ ಹೆಸರಿನ ವಂಚನೆ ನಡೆಯುವುದೂ ಇದೇ ದಾರಿಯಲ್ಲಿ. ಹೊಲ ಮಾರಿ, ಬಂಗಾರ ಅಡವಿಟ್ಟು ಇಂಥವರ ಕೈಗೆ ಹಣ ಕೊಡಬೇಡಿ. ಕೊಟ್ಟಾಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಪೊಲೀಸರಿಗೂ ದೂರು ಕೊಡಿ. ಕಲ್ಲಿನ ಬಗ್ಗೆ ನಿಜವಾದ ಸಂಶಯವಿದ್ದರೆ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೆ ತೋರಿಸಿ. ದೇಶದಲ್ಲಿ ಸಿಕ್ಕ ಉಲ್ಕಾಶಿಲೆಗಳನ್ನು ಕಾಪಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ, ದಲ್ಲಾಳಿಗಳಲ್ಲ.

ತೀರ್ಮಾನ: ಹೇಳಿಕೆ ತಪ್ಪು. ತೂತು, ಅಯಸ್ಕಾಂತದ ಸೆಳೆತ, ಹೊಳೆಯುವ ಹರಳು, ಈ ಮೂರೂ ವಿಜಯಪುರ ಭಾಗದ ಸಾಮಾನ್ಯ ಬಸಾಲ್ಟಿನಲ್ಲೇ ಸಿಗುತ್ತವೆ. ಆ ಸಂದೇಶ ಕಳಿಸಿದವರಿಗೆ ಇದನ್ನೂ ಕಳಿಸಿ.