ನರ್ಸಿಂಗ್ ಹೋಮಿನ ರಾತ್ರಿ ಪಾಳಿ

ನರ್ಸಿಂಗ್ ಹೋಮ್ ಎಂದರೆ ಇಂಗ್ಲೆಂಡಿನಲ್ಲಿ ಈಗ ಮುಖ್ಯವಾಗಿ ವೃದ್ಧರ ಶುಶ್ರೂಷೆಯ ಮನೆ. ನಮ್ಮಲ್ಲಿಯಾದರೋ ಕೆಲವೇ ಹಾಸಿಗೆಗಳುಳ್ಳ ಖಾಸಗಿ ಆಸ್ಪತ್ರೆಗೆ ಆ ಹೆಸರು ರೂಢಿಯಾಗಿದೆ. ಹೆಸರಿನಲ್ಲಿ ಶುಶ್ರೂಷೆಯೇ ಮುಂದಾಗಿದ್ದರೂ ಜನರು ಅದನ್ನು ಗುರುತಿಸುವುದು ಡಾಕ್ಟರಿಂದ. ದಾದಿಯರೆಷ್ಟು ಮಂದಿ ಎಂದು ವಿಚಾರಿಸಿ ರೋಗಿಯನ್ನು ಸೇರಿಸುವವರು ವಿರಳ.

ಆ ಪ್ರಶ್ನೆಯ ತೂಕವನ್ನು ಅರಿಯಲು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯನ್ನು ನೆನೆಯೋಣ. ಅಲ್ಲಿ ಮರ ಹತ್ತಿದವನು ಕಾಲು ಜಾರಿ ಬೀಳುವ ಅಪಾಯ ಸದಾ ಉಂಟು. ಬೆನ್ನೆಲುಬಿಗೆ ಪೆಟ್ಟಾದವನನ್ನು ಹೊರಳಿಸುವುದು ಒಬ್ಬರಿಂದಾಗುವ ಕೆಲಸವಲ್ಲ. ಒಬ್ಬರು ತಲೆ ಕುತ್ತಿಗೆಗಳನ್ನು ಹಿಡಿದು ಸೂಚನೆ ಕೊಡಬೇಕು. ಉಳಿದ ಮೂವರು ಭುಜ, ಸೊಂಟ, ಕಾಲುಗಳನ್ನು ಹಿಡಿದು, ದಿಮ್ಮಿಯನ್ನು ಉರುಳಿಸುವಂತೆ ಮೈಯನ್ನು ಏಕಕಾಲಕ್ಕೆ ತಿರುಗಿಸಬೇಕು. ಸುಮಾರು ಎರಡು ಗಂಟೆಗೊಮ್ಮೆ ಹೀಗೆ ಮಗ್ಗುಲು ಬದಲಾಯಿಸದಿದ್ದರೆ, ಸ್ಪರ್ಶಜ್ಞಾನವಿಲ್ಲದ ಮೈಯಲ್ಲಿ ಹುಣ್ಣಾಗುತ್ತದೆ. ಮುರಿದ ಮೂಳೆಗಿಂತ ಆ ಹುಣ್ಣೇ ಪ್ರಾಣಕ್ಕೆ ಮುಳುವಾಗುವುದುಂಟು. ರಾತ್ರಿ ಎರಡು ಗಂಟೆಗೆ ಆ ನಾಲ್ವರು ಎಲ್ಲಿಂದ ಬರಬೇಕು?

ಇದು ಲೆಕ್ಕದ ವಿಷಯ. ಹಗಲಿರುಳೂ ವಾರ್ಡಿನಲ್ಲಿ ಒಬ್ಬ ದಾದಿ ಇರಬೇಕಾದರೆ, ದಿನಕ್ಕೆ ಮೂರರಂತೆ ವಾರಕ್ಕೆ 21 ಪಾಳಿಗಳಾಗುತ್ತವೆ. ಒಬ್ಬಾಕೆ ವಾರದಲ್ಲಿ ಮಾಡಬಹುದಾದದ್ದು 6. ಅಂದರೆ ಮೂವರಲ್ಲ, ಮೂರೂವರೆ ಮಂದಿ. ರಜೆ, ಕಾಯಿಲೆಗಳನ್ನೂ ಎಣಿಸಿದರೆ ನಾಲ್ವರಿಗೆ ಕಡಮೆಯಿಲ್ಲ. ಮೂವರನ್ನೇ ನೇಮಿಸಿ ಪಾಳಿ ತುಂಬಿತೆಂದು ತೃಪ್ತಿಪಡುವ ವ್ಯವಸ್ಥಾಪಕರು ಉಳಿದ ಹೊರೆಯನ್ನು ಆ ಮೂವರ ನಿದ್ರೆಯಿಂದಲೇ ಕಿತ್ತುಕೊಂಡಿರುತ್ತಾರೆ.

ಎತ್ತಲು, ಹೊರಳಿಸಲು, ಶುಚಿಮಾಡಲು ಆಯಾಗಳೂ ವಾರ್ಡ್‌ಬಾಯ್‌ಗಳೂ ನೆರವಾಗಬಹುದು. ಆದರೆ ಔಷಧ, ಇಂಜೆಕ್ಷನ್, ನಾಡಿ ಉಸಿರುಗಳ ಪರೀಕ್ಷೆ, ಇವು ಪರಿಷತ್ತಿನಲ್ಲಿ ನೋಂದಣಿಯಾದ ದಾದಿಯ ಹೊಣೆ. ಕೈಸಾಲದೆಂದು ಆಯಾಳ ಕೈಗೆ ಸಿರಿಂಜು ಕೊಡುವುದನ್ನು ನಾವಂತೂ ಮಿತವ್ಯಯವೆಂದು ಕರೆಯಲಾರೆವು. ಪಾಳಿ ಬದಲಾಗುವಾಗ ಹಿರಿಯ ದಾದಿಯು ಹೊಸಬಳನ್ನು ಹಾಸಿಗೆಯಿಂದ ಹಾಸಿಗೆಗೆ ಕರೆದೊಯ್ದು ರೋಗಿಯ ಸ್ಥಿತಿಯನ್ನು ಒಪ್ಪಿಸಬೇಕು; ಬಾಗಿಲಲ್ಲಿ ನಿಂತು ಆಡುವ ಎರಡು ಮಾತು ಸಾಲದು.

ಇನ್ನು ಸಂಬಳ. 2016ರ ಜನವರಿ 29ರ ಸುಪ್ರೀಂ ಕೋರ್ಟಿನ ಆದೇಶದಂತೆ ಏರ್ಪಟ್ಟ ಸಮಿತಿಯು, 50ಕ್ಕಿಂತ ಕಡಮೆ ಹಾಸಿಗೆಗಳ ಖಾಸಗಿ ಆಸ್ಪತ್ರೆಗಳಲ್ಲಿಯೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಳಾದರೂ ಸಲ್ಲಬೇಕೆಂದು ಸೂಚಿಸಿತು. ಅದು ಶಿಫಾರಸು ಮಾತ್ರ. ತಿಪಟೂರಿನಿಂದ ಬೆಂಗಳೂರಿಗೆ ನೇರ ರೈಲುಂಟು. ಕೆಲಸ ಕಲಿತವಳು ಹೆಚ್ಚಿನ ಸಂಬಳಕ್ಕಾಗಿ ಅದನ್ನು ಹತ್ತಿದ ದಿನ, ಅವಳ ರಾತ್ರಿ ಪಾಳಿ ನಿನ್ನೆ ಮೊನ್ನೆ ಸೇರಿದವಳ ಪಾಲಿಗೆ ಬರುತ್ತದೆ.